ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನ ಮತ್ತು ಮಗುವಿನ ಸುಪರ್ದಿ: ಅರ್ಜಿಯಿಂದ ಅಮಲ್ಜಾರಿಯವರೆಗೆ

ವಿಚ್ಛೇದನದ ಪ್ರಕರಣವೊಂದು ಅಂತಿಮ ತೀರ್ಪಿನ ಹಂತಕ್ಕೆ ಬರುವಷ್ಟರಲ್ಲಿ ಆ ದಂಪತಿಯ ಬದುಕಿನ ಮುಖ್ಯ ಸಂಗತಿಗಳು ಬಹುಪಾಲು ಆಗಲೇ ತೀರ್ಮಾನವಾಗಿರುತ್ತವೆ. ಮಗು ಯಾರ ಮನೆಯಲ್ಲಿ ಬೆಳೆಯುತ್ತಿದೆ, ಯಾವ ಶಾಲೆಗೆ ಹೋಗುತ್ತಿದೆ, ಇನ್ನೊಬ್ಬರು ಅದನ್ನು ಯಾವ ದಿನ ಎಷ್ಟು ಹೊತ್ತು ನೋಡುತ್ತಾರೆ, ತಿಂಗಳ ಖರ್ಚಿಗೆ ಎಷ್ಟು ಹಣ ಯಾರ ಖಾತೆಗೆ ಬರುತ್ತದೆ ಎಂಬುದೆಲ್ಲ ಪ್ರಕರಣದ ಆರಂಭದಲ್ಲಿ ಸಲ್ಲಿಸುವ ಮಧ್ಯಂತರ ಅರ್ಜಿಗಳ ಮೇಲಿನ ಆದೇಶಗಳಲ್ಲಿಯೇ ನಿಶ್ಚಯವಾಗುತ್ತದೆ. ಹೀಗಿದ್ದೂ ನ್ಯಾಯಾಲಯಕ್ಕೆ ಮೊದಲ ಬಾರಿಗೆ ಬರುವವರಲ್ಲಿ ಹೆಚ್ಚಿನವರು ತಮ್ಮ ಶಕ್ತಿಯನ್ನೆಲ್ಲ ವಿಚ್ಛೇದನದ ಕಾರಣಗಳನ್ನು ಬರೆಯುವುದರಲ್ಲಿ ವ್ಯಯಿಸಿ, ಮಧ್ಯಂತರ ಅರ್ಜಿಗಳನ್ನು ವಕೀಲರ ಗುಮಾಸ್ತರಿಗೆ ಬಿಟ್ಟುಬಿಡುತ್ತಾರೆ. ಕರ್ನಾಟಕದ ನ್ಯಾಯಾಲಯಗಳಲ್ಲಿ ನಡೆಯುವ ಕ್ರಮವನ್ನು ಇಟ್ಟುಕೊಂಡು ಬರೆದಿರುವ ಈ ಮಾರ್ಗದರ್ಶಿಯು ಆ ಕಾರಣಕ್ಕಾಗಿಯೇ ಜೀವನಾಂಶ ಮತ್ತು ಮಗುವಿನ ಸುಪರ್ದಿಯ ಹಂತಗಳ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ.

ಯಾವ ಕಾಯ್ದೆ, ಯಾವ ನ್ಯಾಯಾಲಯ

ಕೌಟುಂಬಿಕ ನ್ಯಾಯಾಲಯಗಳು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಡಿ ಸ್ಥಾಪನೆಯಾದವು. ವಿಚ್ಛೇದನ, ವಿವಾಹದ ಸಿಂಧುತ್ವ, ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ, ಜೀವನಾಂಶ, ಮಗುವಿನ ಪಾಲಕತ್ವ ಮತ್ತು ಸುಪರ್ದಿ, ದಂಪತಿಯ ನಡುವಿನ ಆಸ್ತಿ ವಿವಾದ ಇವೆಲ್ಲವೂ ಒಂದೇ ಸೂರಿನಡಿ ವಿಚಾರಣೆಗೆ ಬರಲಿ ಎಂಬುದು ಆ ಕಾಯ್ದೆಯ ಉದ್ದೇಶ. ಬೆಂಗಳೂರಿನಲ್ಲಿ ಈ ನ್ಯಾಯಾಲಯಗಳು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಸಂಕೀರ್ಣದಲ್ಲಿವೆ. ಮೈಸೂರು, ಬೆಳಗಾವಿ, ಕಲಬುರಗಿ ಮೊದಲಾದ ನಗರಗಳಲ್ಲಿಯೂ ಇವೆ. ಪ್ರತ್ಯೇಕ ಕೌಟುಂಬಿಕ ನ್ಯಾಯಾಲಯವಿಲ್ಲದ ಕಡೆ ಹಿಂದೂ ವಿವಾಹ ಕಾಯ್ದೆಯ ಅರ್ಜಿಗಳನ್ನು ಸಾಮಾನ್ಯವಾಗಿ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯವೇ ವಿಚಾರಿಸುತ್ತದೆ.

ನ್ಯಾಯಾಲಯ ಒಂದೇ ಆದರೂ ಅನ್ವಯವಾಗುವ ಕಾನೂನು ವಿವಾಹದ ಬಗೆಯನ್ನು ಅನುಸರಿಸಿ ಬೇರೆಯಾಗುತ್ತದೆ. ಹಿಂದೂ, ಜೈನ, ಬೌದ್ಧ, ಸಿಖ್ ವಿವಾಹಗಳಿಗೆ 1955ರ ಹಿಂದೂ ವಿವಾಹ ಕಾಯ್ದೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ 1954ರ ಆ ಕಾಯ್ದೆ, ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಅನ್ವಯಿಸುತ್ತದೆ. ಮುಸ್ಲಿಂ ಪತ್ನಿ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಡಿ ಅರ್ಜಿ ಹಾಕಬಹುದು. ಕ್ರೈಸ್ತ ದಂಪತಿ ಪರಸ್ಪರ ಸಮ್ಮತಿಯಿಂದ ಬೇರೆಯಾಗಲು ಎರಡು ವರ್ಷ ಪ್ರತ್ಯೇಕವಾಗಿದ್ದಿರಬೇಕು ಎಂದು ಕಾಯ್ದೆಯ ಪಠ್ಯ ಹೇಳುತ್ತಿದ್ದರೂ, ಅದನ್ನು ಒಂದು ವರ್ಷವೆಂದು ಓದಿಕೊಳ್ಳಬೇಕೆಂದು ಕರ್ನಾಟಕ ಹೈಕೋರ್ಟ್ ಹೇಳಿರುವುದರಿಂದ ಇಲ್ಲಿನವರು ಆ ಅಂಶವನ್ನು ವಕೀಲರ ಗಮನಕ್ಕೆ ತರಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಿರಿಯರನ್ನು ಕೂರಿಸಿ, ಛಾಪಾ ಕಾಗದದ ಮೇಲೆ ಇಬ್ಬರ ಸಹಿ ಹಾಕಿಸಿ, ನೋಟರಿಯ ಮುದ್ರೆ ಒತ್ತಿಸಿದರೆ ವಿಚ್ಛೇದನವಾಯಿತೆಂಬ ನಂಬಿಕೆ ಹಳ್ಳಿಗಳಲ್ಲಷ್ಟೇ ಅಲ್ಲ, ನಗರಗಳಲ್ಲಿಯೂ ಇದೆ. ಸೋಡಚೀಟಿಯ (ಹಿರಿಯರ ಮುಂದೆ ಬರೆದುಕೊಡುವ ಬಿಡುಗಡೆ ಪತ್ರದ) ಪದ್ಧತಿ ತಮ್ಮ ಸಮುದಾಯದಲ್ಲಿ ಹಿಂದಿನಿಂದ ನಡೆದುಬಂದಿದೆಯೆಂದು ಸಾಕ್ಷ್ಯದ ಮೂಲಕ ರುಜುವಾತು ಮಾಡಬಲ್ಲವರಿಗೆ ಮಾತ್ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಆಸರೆಯಾಗುತ್ತದೆ. ಉಳಿದವರ ಪಾಲಿಗೆ ಅಂಥ ಪತ್ರ ಬರಿಯ ಕಾಗದ. ಅದನ್ನು ನಂಬಿ ಮರುಮದುವೆಯಾದರೆ ಎರಡನೆಯ ಮದುವೆಯೇ ಅಸಿಂಧುವಾಗುವ ಅಪಾಯವಿದೆ.

ಅರ್ಜಿಯನ್ನು ಎಲ್ಲಿ ಹಾಕಬೇಕೆಂಬುದಕ್ಕೆ ಹಿಂದೂ ವಿವಾಹ ಕಾಯ್ದೆಯ 19ನೇ ಕಲಂ ಉತ್ತರ ಕೊಡುತ್ತದೆ. ಮದುವೆ ನಡೆದ ಊರು, ಎದುರುದಾರರು ಈಗ ವಾಸಿಸುತ್ತಿರುವ ಊರು, ದಂಪತಿ ಕೊನೆಯದಾಗಿ ಒಟ್ಟಿಗೆ ಬಾಳಿದ ಊರು, ಇವುಗಳಲ್ಲಿ ಯಾವುದಾದರೂ ಆಗಬಹುದು. 2003ರ ತಿದ್ದುಪಡಿಯ ನಂತರ ಪತ್ನಿಯೇ ಅರ್ಜಿದಾರಳಾಗಿದ್ದರೆ ಆಕೆ ಆಗ ವಾಸವಿರುವ ಊರಿನಲ್ಲಿಯೂ ಹಾಕಬಹುದು. ತವರಿಗೆ ಮರಳಿರುವ ಹೆಣ್ಣುಮಕ್ಕಳಿಗೆ ಇದರಿಂದ ದೊಡ್ಡ ಅನುಕೂಲವಾಗಿದೆ. ಪತಿ ಬೇರೆ ಊರಿನಲ್ಲಿ ಮೊದಲೇ ಅರ್ಜಿ ಹಾಕಿಬಿಟ್ಟಿದ್ದರೆ, ರಾಜ್ಯದೊಳಗಿನ ವರ್ಗಾವಣೆಗೆ ಹೈಕೋರ್ಟನ್ನೂ ಹೊರರಾಜ್ಯದಿಂದ ವರ್ಗಾವಣೆಗೆ ಸುಪ್ರೀಂ ಕೋರ್ಟನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಮಗುವಿನ ವಿಷಯದಲ್ಲಿ ಈ ನಿಯಮ ಬೇರೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಪ್ರತ್ಯೇಕ ಅರ್ಜಿ ಹಾಕುವುದಾದರೆ, ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆಯೋ ಆ ಊರಿನ ನ್ಯಾಯಾಲಯಕ್ಕೇ ಹೋಗಬೇಕು. ಜಗಳದ ಮರುದಿನ ಮಗುವನ್ನು ಇನ್ನೊಂದು ಊರಿಗೆ ಕರೆದೊಯ್ದು, ಅಲ್ಲಿಯದೇ ವಾಸವೆಂದು ತೋರಿಸಿ ಅರ್ಜಿ ಹಾಕುವ ಪ್ರಯತ್ನಗಳನ್ನು ನ್ಯಾಯಾಲಯಗಳು ಅನುಮಾನದಿಂದಲೇ ನೋಡುತ್ತವೆ. ವಿಚ್ಛೇದನದ ಪ್ರಕರಣ ಆಗಲೇ ನಡೆಯುತ್ತಿದ್ದರೆ ಅದರಲ್ಲಿಯೇ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಸುಪರ್ದಿಗೂ ಭೇಟಿಗೂ ಅರ್ಜಿ ಸಲ್ಲಿಸಬಹುದು. ಎರಡು ಕಡೆ ಎರಡು ಪ್ರಕರಣ ನಡೆಸುವುದಕ್ಕಿಂತ ಇದು ಬಹುಮಟ್ಟಿಗೆ ಮೇಲು.

ಅರ್ಜಿ ಹಾಕುವ ಮುನ್ನ

ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ವಿಚ್ಛೇದನದ ಅರ್ಜಿಯನ್ನು ಸಲ್ಲಿಸಲಾಗದು. ಅಸಾಧಾರಣ ಕಷ್ಟವಿದ್ದರೆ ಮಾತ್ರ ನ್ಯಾಯಾಲಯದ ಅನುಮತಿ ಪಡೆದು ಹಾಕಬಹುದು. ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ವಿವಾಹೇತರ ಸಂಬಂಧ, ಮತಾಂತರ ಮುಂತಾದ ಕಾರಣಗಳನ್ನು ಹಿಂದೂ ವಿವಾಹ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಇಬ್ಬರಿಗೂ ಹೊಂದಾಣಿಕೆಯಿಲ್ಲ, ಸಂಬಂಧ ಮುರಿದುಬಿದ್ದಿದೆ ಎಂಬುದಷ್ಟೇ ಆ ಪಟ್ಟಿಯಲ್ಲಿಲ್ಲ. ವಿವಾಹ ಸರಿಪಡಿಸಲಾಗದಷ್ಟು ಮುರಿದಿದೆಯೆಂಬ ಕಾರಣಕ್ಕೆ ವಿಚ್ಛೇದನ ನೀಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ತನಗಿದೆಯೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 1ರಂದು ಹೇಳಿದ್ದು ನಿಜ. ಆದರೆ ಆ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಸೇರಿದ್ದು. ಕೌಟುಂಬಿಕ ನ್ಯಾಯಾಲಯದಲ್ಲಿ ಆ ತೀರ್ಪನ್ನು ಮುಂದಿಟ್ಟು ವಿಚ್ಛೇದನ ಕೇಳಿದರೆ ಸಿಗುವುದಿಲ್ಲ.

ಕ್ರೌರ್ಯವನ್ನು ಆರೋಪಿಸುವವರು ಅರ್ಜಿಯಲ್ಲಿ ಘಟನೆಗಳನ್ನು ಬರೆಯಬೇಕೇ ಹೊರತು ವಿಶೇಷಣಗಳನ್ನಲ್ಲ. ಗಂಡನ ಮನೆಯವರು ಮಾನಸಿಕ ಹಾಗೂ ದೈಹಿಕ ಕಿರುಕುಳ ನೀಡುತ್ತಿದ್ದರೆಂಬ ಒಂದು ಸಾಲಿನಿಂದ ಏನೂ ಸಾಬೀತಾಗುವುದಿಲ್ಲ. ಯಾವ ತಿಂಗಳು, ಯಾವ ಮನೆಯಲ್ಲಿ, ಯಾರ ಎದುರಿಗೆ, ಏನು ನಡೆಯಿತು, ಆಮೇಲೆ ಯಾವ ಆಸ್ಪತ್ರೆಗೆ ಅಥವಾ ಠಾಣೆಗೆ ಹೋದಿರಿ ಎಂಬ ವಿವರವಿರುವ ಮೂರು ಘಟನೆಗಳು ಅಂಥ ಮೂವತ್ತು ಸಾಲುಗಳಿಗಿಂತ ತೂಕವುಳ್ಳವು. ಅರ್ಜಿಯಲ್ಲಿ ಬರೆಯದ ಸಂಗತಿಯನ್ನು ಮುಂದೆ ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿದರೆ ಪಾಟೀಸವಾಲಿನಲ್ಲಿ ಅದೇ ನಿಮ್ಮ ವಿರುದ್ಧದ ಅಸ್ತ್ರವಾಗುತ್ತದೆ.

ಜೊತೆಗಿಡಬೇಕಾದ ಕಾಗದಪತ್ರಗಳು ಹೆಚ್ಚೇನಿಲ್ಲ. ಲಗ್ನಪತ್ರಿಕೆ, ಮದುವೆಯ ಫೋಟೊ, ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರ ಇದ್ದರೆ ಅದು, ಇಬ್ಬರ ವಿಳಾಸದ ಪುರಾವೆ, ಮಕ್ಕಳ ಜನನ ಪ್ರಮಾಣಪತ್ರ ಮತ್ತು ಶಾಲೆಯ ದಾಖಲೆ ಇಷ್ಟು ಸಾಕು. ಮದುವೆ ನೋಂದಣಿಯಾಗಿಲ್ಲವೆಂಬ ಕಾರಣಕ್ಕೆ ಅರ್ಜಿ ಹಾಕಲಾಗದೆಂದು ಹೆದರಬೇಕಿಲ್ಲ. ಮದುವೆ ಶಾಸ್ತ್ರೋಕ್ತವಾಗಿ ನಡೆದದ್ದನ್ನು ಬೇರೆ ಬಗೆಯಲ್ಲಿ ತೋರಿಸಬಹುದು. ಅರ್ಜಿಯ ಕೋರ್ಟ್ ಫೀ ಅತ್ಯಲ್ಪ. ವಕೀಲರ ಶುಲ್ಕ ಭರಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಅರ್ಜಿ ಕೊಡಬಹುದು ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆಯೆಂಬುದು ಸಂಬಳವುಳ್ಳ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ.

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮಿನ ಪ್ರಕಾರ ಈ ನ್ಯಾಯಾಲಯದಲ್ಲಿ ವಕೀಲರ ಮೂಲಕ ಹಾಜರಾಗುವುದು ಪಕ್ಷಕಾರರ ಹಕ್ಕಲ್ಲ. ಆದರೆ ರೂಢಿಯಲ್ಲಿ ವಕಾಲತ್ತಿನ ಜೊತೆ ಅನುಮತಿ ಕೋರಿ ಅರ್ಜಿ ಕೊಡುತ್ತಾರೆ, ನ್ಯಾಯಾಲಯ ಅನುಮತಿಸುತ್ತದೆ. ಹೀಗಿದ್ದರೂ ಹಲವು ವಾಯಿದೆಗಳಲ್ಲಿ (ವಿಚಾರಣೆಯ ದಿನಗಳಲ್ಲಿ), ಅದರಲ್ಲೂ ಸಂಧಾನದ ಹಂತದಲ್ಲಿ, ಪಕ್ಷಕಾರರೇ ಖುದ್ದಾಗಿ ಬರಬೇಕೆಂದು ನ್ಯಾಯಾಧೀಶರು ಬಯಸುತ್ತಾರೆ. ಉದ್ಯೋಗದಲ್ಲಿರುವವರು ರಜೆಯನ್ನು ಅದಕ್ಕೆ ತಕ್ಕಂತೆ ಉಳಿಸಿಕೊಳ್ಳುವುದು ಒಳ್ಳೆಯದು.

ಮೊದಲ ವಾಯಿದೆಗಳು ಮತ್ತು ಸಂಧಾನ

ಅರ್ಜಿ ಕಚೇರಿಯ ಪರಿಶೀಲನೆ ಮುಗಿಸಿ ಎಂ.ಸಿ. (ವೈವಾಹಿಕ ಪ್ರಕರಣ) ಸಂಖ್ಯೆ ಪಡೆಯುತ್ತದೆ, ಸುಪರ್ದಿಯ ಪ್ರತ್ಯೇಕ ಅರ್ಜಿಗೆ ಜಿ ಅಂಡ್ ಡಬ್ಲ್ಯು.ಸಿ. (ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಪ್ರಕರಣ) ಸಂಖ್ಯೆ ಬರುತ್ತದೆ. ಅದರೊಡನೆ ದೊರೆಯುವ, ಪ್ರಕರಣವನ್ನು ಗುರುತಿಸುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ವಾಯಿದೆ ಯಾವಾಗ, ಯಾವ ಹಂತಕ್ಕೆ ಎಂಬುದನ್ನು ಯಾರನ್ನೂ ಕೇಳದೆ ನೋಡಿಕೊಳ್ಳಬಹುದು. ಎದುರುದಾರರಿಗೆ ಸಮನ್ಸ್ ಜಾರಿಯಾಗುವುದೇ ಮೊದಲ ಅಡಚಣೆ. ಬಾಗಿಲು ಹಾಕಿದೆ, ವಿಳಾಸದಲ್ಲಿಲ್ಲ ಎಂಬ ಷರಾ ಬರೆದು ಅದು ಮರಳಿ ಬರುತ್ತಿದ್ದರೆ ತಿಂಗಳುಗಳು ಉರುಳುತ್ತವೆ. ಆದ್ದರಿಂದ ಮನೆಯ ವಿಳಾಸದ ಜೊತೆ ಕಚೇರಿಯ ವಿಳಾಸ, ಮೊಬೈಲ್ ಸಂಖ್ಯೆ ಮತ್ತು ಇ-ಮೇಲನ್ನು ಆರಂಭದಲ್ಲೇ ಕೊಡಬೇಕು. ಸಮನ್ಸ್ ಬಂದವರು ಅದನ್ನು ತಿರಸ್ಕರಿಸಿದರೆ ಪ್ರಕರಣ ನಿಲ್ಲುವುದಿಲ್ಲ, ಏಕಪಕ್ಷೀಯವಾಗಿ ಮುಂದುವರಿಯುತ್ತದೆ.

ಪ್ರಕರಣ ನಡೆಯುವ ದಿನ ಕೋರ್ಟ್ ಹಾಲ್‌ನ ಹೊರಗೆ ಅಂಟಿಸಿರುವ ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ ನೋಡಿಕೊಂಡು, ಕೂಗಿದಾಗ ಒಳಗಿರುವುದು ಮುಖ್ಯ. ಕೂಗಿದಾಗ ಅರ್ಜಿದಾರರಿಲ್ಲದಿದ್ದರೆ ಅರ್ಜಿ ಗೈರುಹಾಜರಿಯ ಕಾರಣಕ್ಕೆ ವಜಾ ಆಗಬಹುದು. ಯಾವುದೇ ಪಕ್ಷಕಾರರು ಬಯಸಿದರೆ ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸಬೇಕೆಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೇ ಕಲಂ ಹೇಳುತ್ತದೆ. ಒಂದು ಮೆಮೊ ಸಲ್ಲಿಸಿದರೆ ಸಾಕು. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಇಂಥ ಕಲಾಪಗಳ ವಿವರವನ್ನು ಮುದ್ರಿಸಿ ಪ್ರಕಟಿಸುವುದನ್ನು ನಿಷೇಧಿಸಿರುವುದರಿಂದ, ಪ್ರತಿವಾದಿಯ ಹೇಳಿಕೆಯ ಪುಟಗಳನ್ನು ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮೊದಲೂ ಯೋಚಿಸಬೇಕು.

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮಿನ ಪ್ರಕಾರ ರಾಜಿಗೆ ಪ್ರಯತ್ನಿಸುವುದು ನ್ಯಾಯಾಲಯದ ಕರ್ತವ್ಯ. ಆಪ್ತಸಮಾಲೋಚಕರ ಬಳಿಗೋ ಮಧ್ಯಸ್ಥಿಕೆ ಕೇಂದ್ರಕ್ಕೋ ಪ್ರಕರಣ ಹೋಗುತ್ತದೆ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರವೂ ನ್ಯಾಯದೇಗುಲದಲ್ಲಿಯೇ ಇದೆ. ಇದನ್ನು ಗಂಡ-ಹೆಂಡತಿಯನ್ನು ಒತ್ತಾಯದಿಂದ ಒಂದುಗೂಡಿಸುವ ಯತ್ನವೆಂದು ತಿಳಿದು ಹಲವರು ಬಿಗಿಮೌನದಿಂದ ಕೂತು ಎದ್ದುಬರುತ್ತಾರೆ. ವಾಸ್ತವದಲ್ಲಿ ಒಟ್ಟಿಗೆ ಬಾಳುವುದು ಸಾಧ್ಯವಿಲ್ಲವೆಂದು ಮೊದಲ ಬೈಠಕ್ಕಿನಲ್ಲೇ ಸ್ಪಷ್ಟವಾಗಿ ಹೇಳಿ, ಉಳಿದ ಬೈಠಕ್ಕುಗಳನ್ನು ಮಗುವಿನ ಭೇಟಿ, ಜೀವನಾಂಶ, ಒಡವೆ-ವಸ್ತುಗಳ ಮರಳಿಕೆ ಇವುಗಳ ಬಗೆಗೆ ಬಳಸಿಕೊಳ್ಳಬಹುದು. ಅಲ್ಲಿ ಆಡಿದ ಮಾತು ಗೋಪ್ಯವಾಗಿದ್ದು, ನ್ಯಾಯಾಧೀಶರ ಮುಂದೆ ಸಾಕ್ಷ್ಯವಾಗಿ ಬರುವುದಿಲ್ಲ.

ಜೀವನಾಂಶ: ಪ್ರಮಾಣಪತ್ರವೇ ಪ್ರಕರಣ

ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಪ್ರಕರಣ ನಡೆಯುತ್ತಿರುವಾಗಿನ ಜೀವನಾಂಶವನ್ನೂ ದಾವೆಯ ಖರ್ಚನ್ನೂ ಕೇಳಬಹುದು. ಸ್ವಂತ ಆದಾಯವಿಲ್ಲದ ಪತಿಯೂ ಕೇಳಬಹುದೆಂಬುದು ಆ ಕಲಮಿನ ವಿಶೇಷ. ನೋಟಿಸ್ ಜಾರಿಯಾದ 60 ದಿನಗಳಲ್ಲಿ ಇದನ್ನು ಸಾಧ್ಯವಾದಷ್ಟೂ ತೀರ್ಮಾನಿಸಬೇಕೆಂದು ಕಾಯ್ದೆ ಹೇಳಿದರೂ ಕಲಾಪದ ಒತ್ತಡದಲ್ಲಿ ಅದು ಪಾಲನೆಯಾಗುವುದು ಕಡಿಮೆ. ಪತ್ನಿ ಮತ್ತು ಮಕ್ಕಳ ಜೀವನಾಂಶಕ್ಕೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಹಾಕುತ್ತಿದ್ದ ಅರ್ಜಿ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿಗೆ ಬಂದಿದೆ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಪುನಃ ದೃಢಪಡಿಸಿದೆ.

ರಜನೇಶ್ ವಿರುದ್ಧ ನೇಹಾ ಎಂಬ ಪ್ರಕರಣದಲ್ಲಿ 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ, ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರವನ್ನು ಸಲ್ಲಿಸುವುದು ಕಡ್ಡಾಯ. ಸಂಬಳ ಅಥವಾ ವ್ಯಾಪಾರದ ಆದಾಯವುಳ್ಳವರಿಗೆ ಒಂದು ನಮೂನೆ, ಬೇಸಾಯದ ಆದಾಯವುಳ್ಳವರಿಗೆ ಇನ್ನೊಂದು ನಮೂನೆ ಇದೆ. ಎದುರುದಾರರು ತಮ್ಮ ಉತ್ತರದೊಂದಿಗೆ ಇದನ್ನು ಗರಿಷ್ಠ ನಾಲ್ಕು ವಾರದೊಳಗೆ ಕೊಡಬೇಕು; ಮತ್ತೆ ಮತ್ತೆ ಕಾಲಾವಕಾಶ ಕೇಳುತ್ತ ಹೋದರೆ ಅವರ ಪ್ರತಿವಾದವನ್ನೇ ತೆಗೆದುಹಾಕುವ ಅಧಿಕಾರ ನ್ಯಾಯಾಲಯಕ್ಕಿದೆ. ಜೀವನಾಂಶವನ್ನು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕೆಂದೂ ಅದೇ ತೀರ್ಪು ಹೇಳಿದೆ.

ಈ ಪ್ರಮಾಣಪತ್ರವನ್ನು ಸಾಲುಸಾಲಾಗಿ ಕೂತು ತುಂಬಿಸಬೇಕು. ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನ್, ಎಲ್ಲ ಬ್ಯಾಂಕ್ ಖಾತೆಗಳ ವಿವರ, ಮ್ಯೂಚುವಲ್ ಫಂಡ್, ಮನೆಸಾಲ, ಹೊಲವಿದ್ದರೆ ಪಹಣಿ ಮತ್ತು ಬೆಳೆಯ ವಿವರ, ಮಗುವಿನ ಶಾಲಾ ಶುಲ್ಕದ ರಸೀದಿ ಎಲ್ಲವೂ ಅಂಕಣಕ್ಕೆ ಅಂಕಣ ತಾಳೆಯಾಗಬೇಕು. ಪ್ರಕರಣ ದಾಖಲಾಗುವ ಹೊತ್ತಿಗೆ ಕೆಲಸ ಬಿಟ್ಟೆನೆಂದು ಹೇಳುವ ಪತಿಯ ಖಾತೆಯಲ್ಲಿ ಆಮೇಲೂ ಕಾರಿನ ಕಂತು ಕಡಿತವಾಗುತ್ತಿರುತ್ತದೆ. ಗೃಹಿಣಿಯೆಂದು ಬರೆದ ಪತ್ನಿಯ ಖಾತೆಗೆ ಟ್ಯೂಷನ್ ಹಣವೋ ಬಾಡಿಗೆಯೋ ಬರುತ್ತಿರುತ್ತದೆ. ಪಾಟೀಸವಾಲಿನಲ್ಲಿ ಇಂಥ ಒಂದೇ ಸಾಲು ಹೊರಬಿದ್ದರೂ ಉಳಿದ ನಿಜದ ಮೇಲೂ ನಂಬಿಕೆ ಹೋಗುತ್ತದೆ. ಪತ್ನಿ ಓದಿದವಳು, ದುಡಿಯಬಲ್ಲಳು ಎಂಬುದಷ್ಟೇ ಜೀವನಾಂಶವನ್ನು ನಿರಾಕರಿಸಲು ಸಾಕಾಗುವುದಿಲ್ಲ. ಬೇರೆ ಪ್ರಕರಣದಲ್ಲಿ ಆಗಲೇ ಜೀವನಾಂಶ ಬರುತ್ತಿದ್ದರೆ ಅದನ್ನು ಮುಚ್ಚಿಡಲೂ ಆಗದು.

ಮಗುವಿನ ಸುಪರ್ದಿ

ಸುಪರ್ದಿಯ ಪ್ರಕರಣದಲ್ಲಿ ಗೆಲ್ಲುವುದು ಅಥವಾ ಸೋಲುವುದು ಎಂಬ ಮಾತನ್ನೇ ಬಳಸದಿರುವ ವಕೀಲರು ಸಿಕ್ಕರೆ ಅವರನ್ನು ಇಟ್ಟುಕೊಳ್ಳಿ. ಮಗುವಿನ ಕ್ಷೇಮವೇ ಪರಮ ಪರಿಗಣನೆಯೆಂದು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 13ನೇ ಕಲಂ ಹೇಳುತ್ತದೆ. ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಯದೆಂದು 6ನೇ ಕಲಂ ಹೇಳಿದರೂ, ಅಲ್ಲಿರುವ ‘ಸಾಮಾನ್ಯವಾಗಿ’ ಎಂಬ ಪದದ ಅರ್ಥ ಬೇರೆಯ ಸನ್ನಿವೇಶವೂ ಇರಬಹುದೆಂದೇ. ಹಾಗೆಯೇ ಐದು ತುಂಬಿದ ಮರುದಿನ ಮಗು ತಂದೆಗೆ ಸೇರುತ್ತದೆಂಬ, ಅಜ್ಜಂದಿರು ಹೇಳಿಕೊಡುವ ಲೆಕ್ಕಕ್ಕೂ ಆಧಾರವಿಲ್ಲ. ಗೀತಾ ಹರಿಹರನ್ ಅವರ ಅರ್ಜಿಯ ಮೇಲೆ 1999ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಿಂದ, ತಂದೆ ಬದುಕಿದ್ದಾಗಲೂ ಮಗುವಿನ ಜವಾಬ್ದಾರಿ ಹೊರುತ್ತಿರುವ ತಾಯಿ ಸಹಜ ಪಾಲಕಳಾಗಬಹುದೆಂಬುದು ಸ್ಥಿರಪಟ್ಟಿದೆ.

ನ್ಯಾಯಾಧೀಶರು ನೋಡುವುದು ಬಹಳ ಸಾಮಾನ್ಯ ಸಂಗತಿಗಳನ್ನು. ಬೆಳಿಗ್ಗೆ ಮಗುವನ್ನು ಎಬ್ಬಿಸಿ ಶಾಲೆಗೆ ಕಳಿಸುವವರು ಯಾರು, ಲಸಿಕೆಯ ಕಾರ್ಡಿನಲ್ಲಿ ಮುಂದಿನ ದಿನಾಂಕ ಯಾರಿಗೆ ಗೊತ್ತು, ಪೋಷಕರ ಸಭೆಯ ಪುಸ್ತಕದಲ್ಲಿ ಯಾರ ಸಹಿಯಿದೆ, ಇಬ್ಬರೂ ಕೆಲಸಕ್ಕೆ ಹೋದಾಗ ಮಗು ಯಾರ ಬಳಿ ಇರುತ್ತದೆ, ಆ ಮನೆಯಿಂದ ಶಾಲೆ ಎಷ್ಟು ದೂರ ಇತ್ಯಾದಿ. ಸಂಬಳ ಹೆಚ್ಚಿರುವವರಿಗೆ ಸುಪರ್ದಿ ಎಂಬ ನಿಯಮ ಎಲ್ಲಿಯೂ ಇಲ್ಲ. ಹಣ ಕಡಿಮೆಯಿದ್ದರೆ ಅದನ್ನು ಇನ್ನೊಬ್ಬರಿಂದ ಜೀವನಾಂಶವಾಗಿ ಕೊಡಿಸಲಾಗುತ್ತದೆ. ಆದ್ದರಿಂದ ಅರ್ಜಿಯಲ್ಲಿ ಎದುರುದಾರರ ಶೀಲದ ಬಗ್ಗೆ ಹತ್ತು ಪುಟ ಬರೆಯುವುದಕ್ಕಿಂತ ಮಗುವಿನ ದಿನಚರಿಯನ್ನು ಒಂದು ಪುಟದಲ್ಲಿ ನಿಖರವಾಗಿ ಬರೆಯುವುದು ಉಪಯುಕ್ತ.

ಮಗುವಿಗೆ ಬುದ್ಧಿಪೂರ್ವಕವಾಗಿ ಆಯ್ಕೆ ಹೇಳುವ ವಯಸ್ಸಾಗಿದ್ದರೆ ಅದರ ಇಚ್ಛೆಯನ್ನು ಪರಿಗಣಿಸಬಹುದೆಂದು 1890ರ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಇದಕ್ಕೆ ನಿಗದಿತ ವಯಸ್ಸಿಲ್ಲ. ನ್ಯಾಯಾಧೀಶರು ಸಾಮಾನ್ಯವಾಗಿ ಮಗುವನ್ನು ತಮ್ಮ ಕೊಠಡಿಗೆ ಕರೆಸಿಕೊಂಡು, ತಂದೆತಾಯಿಯನ್ನು ಹೊರಗಿರಿಸಿ, ಶಾಲೆಯ ವಿಷಯದಿಂದ ಮಾತು ಆರಂಭಿಸುತ್ತಾರೆ. ಹಿಂದಿನ ರಾತ್ರಿ ಕಲಿಸಿಕೊಟ್ಟ ಮಾತು ಎಷ್ಟು ಬೇಗ ಗೊತ್ತಾಗುತ್ತದೆಯೆಂಬುದನ್ನು ಮಕ್ಕಳನ್ನು ಬಲ್ಲ ಯಾರೂ ಊಹಿಸಬಹುದು. ಏಳು ವರ್ಷದ ಮಗು ‘ಮಾನಸಿಕ ಹಿಂಸೆ’ ಎಂಬ ಪದವನ್ನು ಬಳಸಿದರೆ ಅದು ಯಾರ ಪದವೆಂದು ಬೇರೆ ಹೇಳಬೇಕಿಲ್ಲ. ಇನ್ನೊಬ್ಬ ಪೋಷಕರ ವಿರುದ್ಧ ಮಗುವಿನ ಮನಸ್ಸನ್ನು ತಿರುಗಿಸಿರುವುದು ಕಂಡುಬಂದರೆ ಅದು ತಿರುಗಿಸಿದವರಿಗೇ ಮುಳುವಾಗಬಹುದು. ಅಗತ್ಯವಿದ್ದರೆ ಸಮಾಲೋಚಕರಿಂದ ಅಥವಾ ಮಕ್ಕಳ ಮನಃಶಾಸ್ತ್ರ ಬಲ್ಲವರಿಂದ ವರದಿ ತರಿಸಿಕೊಳ್ಳಲು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಕಲಂ ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿದೆ.

ಸುಪರ್ದಿ ಒಬ್ಬರಿಗೆ ದೊರೆತರೂ ಇನ್ನೊಬ್ಬರ ಭೇಟಿಯ ಹಕ್ಕು ಉಳಿಯುತ್ತದೆ. ಮಗುವಿಗೆ ತಂದೆತಾಯಿ ಇಬ್ಬರ ಒಡನಾಟವೂ ಬೇಕೆಂದು, ದೂರದಲ್ಲಿರುವವರಿಗೆ ಫೋನ್ ಮತ್ತು ವಿಡಿಯೊ ಕರೆಯ ಅವಕಾಶವೂ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ತೊಂದರೆ ಬರುವುದು ಆದೇಶದ ಭಾಷೆಯಲ್ಲಿ. ‘ತಂದೆಯು ಮಗುವನ್ನು ಸಮಂಜಸ ವೇಳೆಯಲ್ಲಿ ಭೇಟಿಯಾಗಬಹುದು’ ಎಂಬ ಸಾಲಿನ ಮೇಲೆ ಇಬ್ಬರೂ ಸಹಿ ಹಾಕಿ ಬಂದರೆ ಮುಂದಿನ ಶನಿವಾರವೇ ಜಗಳ ಆರಂಭವಾಗುತ್ತದೆ. ಅದರ ಬದಲು ಜಂಟಿ ಮೆಮೊವನ್ನು ಹೀಗೆ ಬರೆಯಬಹುದು: ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10 ಗಂಟೆಗೆ ತಂದೆಯು ತಾಯಿಯ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮಗುವನ್ನು ಕರೆದುಕೊಂಡು ಭಾನುವಾರ ಸಂಜೆ 5 ಗಂಟೆಗೆ ಅಲ್ಲಿಯೇ ಒಪ್ಪಿಸತಕ್ಕದ್ದು, ತಾಯಿ ಊರಿನಲ್ಲಿಲ್ಲದಿದ್ದರೆ ಅಜ್ಜಿಯು ಒಪ್ಪಿಸತಕ್ಕದ್ದು, ಮಗುವಿಗೆ ಅಸ್ವಸ್ಥತೆಯಿದ್ದು ಭೇಟಿ ತಪ್ಪಿದರೆ ಅದರ ಮುಂದಿನ ವಾರಾಂತ್ಯದಲ್ಲಿ ಅದನ್ನು ಸರಿದೂಗಿಸತಕ್ಕದ್ದು, ಪ್ರತಿ ಬುಧವಾರ ಸಂಜೆ 7 ಗಂಟೆಗೆ 20 ನಿಮಿಷಗಳ ವಿಡಿಯೊ ಕರೆ, ದಸರಾ ರಜೆಯ ಮೊದಲ ಅರ್ಧ ತಂದೆಯೊಂದಿಗೆ, ಉಳಿದರ್ಧ ತಾಯಿಯೊಂದಿಗೆ, ಯುಗಾದಿಯೂ ಗಣೇಶನ ಹಬ್ಬವೂ ವರ್ಷ ಬಿಟ್ಟು ವರ್ಷ, ಶಾಲೆಯ ವರದಿಪತ್ರ ಇಬ್ಬರಿಗೂ, ಪಾಸ್‌ಪೋರ್ಟ್ ಯಾರ ಬಳಿ ಮತ್ತು ವಿದೇಶ ಪ್ರಯಾಣಕ್ಕೆ ಎಷ್ಟು ದಿನ ಮೊದಲು ತಿಳಿಸಬೇಕು. ಓದಲು ಇದು ಬೇಸರ ತರಿಸಬಹುದು, ಆದರೆ ಇಷ್ಟು ಬರೆದಿಟ್ಟವರು ಮತ್ತೆ ನ್ಯಾಯಾಲಯಕ್ಕೆ ಬರುವುದು ಕಡಿಮೆ.

ಇಬ್ಬರ ನಡುವೆ ನಂಬಿಕೆ ಪೂರ್ತಿ ಹೋಗಿದ್ದರೆ ಆರಂಭದ ಕೆಲವು ಭೇಟಿಗಳನ್ನು ನ್ಯಾಯಾಲಯದ ಆವರಣದಲ್ಲಿ, ಸಮಾಲೋಚಕರ ಉಸ್ತುವಾರಿಯಲ್ಲಿ ನಡೆಸಲು ಹೇಳುತ್ತಾರೆ. ಕೋರ್ಟಿನ ಗದ್ದಲದ ನಡುವೆ ಅಪರಿಚಿತ ಕೊಠಡಿಯಲ್ಲಿ ಕೂತ ಮಗು ತಂದೆಯೊಡನೆ ಮಾತನಾಡದೆ ಇದ್ದರೆ ಅದನ್ನು ನಿರಾಕರಣೆಯೆಂದು ತಿಳಿಯಬಾರದು. ಕೆಲವು ಭೇಟಿಗಳು ಸರಿಯಾಗಿ ನಡೆದ ನಂತರ ಹೊರಗಿನ ಭೇಟಿಗೆ, ಅನಂತರ ರಾತ್ರಿ ತಂಗುವುದಕ್ಕೆ ಅರ್ಜಿ ಹಾಕಬಹುದು. ಬೇಸಿಗೆ ರಜೆಯ ಭೇಟಿಗೆ ಅರ್ಜಿ ಸಲ್ಲಿಸುವವರು ಫೆಬ್ರುವರಿಯಲ್ಲೇ ಸಲ್ಲಿಸಬೇಕು. ಶಾಲೆಗೆ ರಜೆ ಬರುವ ಹೊತ್ತಿಗೆ ನ್ಯಾಯಾಲಯಕ್ಕೂ ರಜೆ ಬಂದುಬಿಡುತ್ತದೆಯೆಂಬುದು ಏಪ್ರಿಲ್ ಕೊನೆಯಲ್ಲಿ ಓಡಿಬರುವವರಿಗೆ ಮಾತ್ರ ಹೊಸ ವಿಷಯ.

ಸುಪರ್ದಿಯ ಆದೇಶ ಎಂದಿಗೂ ಅಂತಿಮವಲ್ಲ. ಮಗು ಬೆಳೆದಂತೆ, ಒಬ್ಬರಿಗೆ ವರ್ಗವಾದಂತೆ, ಮರುಮದುವೆಯಾದಂತೆ ಆದೇಶವನ್ನು ಮಾರ್ಪಡಿಸಲು ಕೇಳಬಹುದು; ವಿಚ್ಛೇದನದ ಡಿಕ್ರಿ (ಅಂತಿಮ ಆದೇಶ) ಆದ ಮೇಲೂ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನ ಬಾಗಿಲು ತೆರೆದಿರುತ್ತದೆ. ಆದೇಶವಿದ್ದೂ ಮಗುವನ್ನು ಕಳಿಸದಿದ್ದರೆ ತಾವೇ ಹೋಗಿ ಎತ್ತಿಕೊಂಡು ಬರುವುದು ದೊಡ್ಡ ತಪ್ಪಾಗುತ್ತದೆ. ಗೇಟಿನವರೆಗೆ ಹೋಗಿದ್ದರ ದಿನಾಂಕ, ವೇಳೆ, ಕಳಿಸಿದ ಸಂದೇಶ ಇವುಗಳನ್ನು ದಾಖಲಿಸಿಟ್ಟುಕೊಂಡು ಅದೇ ನ್ಯಾಯಾಲಯದಲ್ಲಿ ಅಮಲ್ಜಾರಿಗೆ, ಎಂದರೆ ಆದೇಶವನ್ನು ಜಾರಿಗೊಳಿಸಲು, ಅರ್ಜಿ ಸಲ್ಲಿಸಬೇಕು. ಮಗುವನ್ನು ಕಾನೂನುಬಾಹಿರವಾಗಿ ಇಟ್ಟುಕೊಂಡಿರುವ ಸ್ಪಷ್ಟ ಪ್ರಕರಣಗಳಲ್ಲಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ (ಮಗುವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸುವಂತೆ ಕೋರುವ) ಅರ್ಜಿಯೂ ಸಾಧ್ಯ.

ವಿದೇಶದಲ್ಲಿರುವ ಕನ್ನಡಿಗರಿಗೆ

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಪಡೆದ ವಿಚ್ಛೇದನವು ಇಲ್ಲಿ ತಾನಾಗಿ ಮಾನ್ಯವಾಗುವುದಿಲ್ಲ. 1991ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ದಂಪತಿಗೆ ಅನ್ವಯಿಸುವ ವಿವಾಹ ಕಾಯ್ದೆಯಲ್ಲಿರುವ ಕಾರಣದ ಮೇಲೆಯೇ ಆ ನ್ಯಾಯಾಲಯ ತೀರ್ಪು ಕೊಟ್ಟಿರಬೇಕು, ಇಲ್ಲವೇ ಎದುರುದಾರರು ಆ ನ್ಯಾಯಾಲಯದ ಅಧಿಕಾರಕ್ಕೆ ಸ್ವಇಚ್ಛೆಯಿಂದ ಒಳಪಟ್ಟು ಒಪ್ಪಿಗೆ ಕೊಟ್ಟಿರಬೇಕು. ಮಗುವನ್ನು ಅಲ್ಲಿಂದ ಇಲ್ಲಿಗೆ ಕರೆತಂದ ಪ್ರಕರಣಗಳಲ್ಲಿ, ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕದಿರುವುದರಿಂದ, ವಿದೇಶಿ ನ್ಯಾಯಾಲಯದ ಆದೇಶವನ್ನು ಒಂದು ಅಂಶವಾಗಿ ಮಾತ್ರ ನೋಡಿ ಮಗುವಿನ ಕ್ಷೇಮವನ್ನು ಇಲ್ಲಿನ ನ್ಯಾಯಾಲಯ ಸ್ವತಂತ್ರವಾಗಿ ಪರಿಶೀಲಿಸುತ್ತದೆ. ಅಲ್ಲಿದ್ದುಕೊಂಡೇ ಇಲ್ಲಿನ ಪ್ರಕರಣ ನಡೆಸುವವರು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ, ತಮ್ಮ ಪರವಾಗಿ ವ್ಯವಹರಿಸಲು ಬೇರೊಬ್ಬರಿಗೆ ಅಧಿಕಾರ ಕೊಡುವ ಮುಖ್ತ್ಯಾರ್‌ನಾಮೆಯನ್ನು ಕಳಿಸಿ, ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಿಸಬೇಕು. ಖುದ್ದು ಹಾಜರಾಗಬೇಕಾದ ದಿನಗಳಿಗೆ ವಿಡಿಯೊ ಕಾನ್ಫರೆನ್ಸ್ ಕೋರಿ ಮುಂಚಿತವಾಗಿ ಅರ್ಜಿ ಕೊಡಬಹುದು.

ಪರಸ್ಪರ ಸಮ್ಮತಿಯ ವಿಚ್ಛೇದನ

ಒಂದು ವರ್ಷದಿಂದ ಪ್ರತ್ಯೇಕವಾಗಿದ್ದು ಬೇರೆಯಾಗಲು ಇಬ್ಬರೂ ಒಪ್ಪಿದ್ದರೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಜಂಟಿ ಅರ್ಜಿ ಸಲ್ಲಿಸಬಹುದು. ದಂಪತಿಯಾಗಿ ಬಾಳದೆ ಒಂದೇ ಸೂರಿನಡಿ ಇದ್ದವರೂ ಪ್ರತ್ಯೇಕವಾಗಿದ್ದವರೇ. ಅರ್ಜಿ ಸಲ್ಲಿಸಿದ ಆರು ತಿಂಗಳ ನಂತರ, 18 ತಿಂಗಳೊಳಗೆ ಎರಡನೇ ಹಂತದ ಹೇಳಿಕೆ ಕೊಡಬೇಕು. ಈ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಸಂದರ್ಭದಲ್ಲಿ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಒಟ್ಟು ಒಂದೂವರೆ ವರ್ಷ ಆಗಲೇ ಕಳೆದಿದ್ದು, ಜೀವನಾಂಶ-ಸುಪರ್ದಿ ಎಲ್ಲವೂ ಇತ್ಯರ್ಥವಾಗಿದ್ದರೆ ಮೊದಲ ಹಂತದ ಒಂದು ವಾರದ ನಂತರ ಮನ್ನಾ ಅರ್ಜಿ ಹಾಕಬಹುದು.

ಡಿಕ್ರಿಯಾಗುವವರೆಗೂ ಯಾರು ಬೇಕಾದರೂ ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದು ಎಂಬುದು ಇಲ್ಲಿನ ಅಪಾಯ. ಆದ್ದರಿಂದ ಇಡೀ ಮೊತ್ತವನ್ನು ಮೊದಲ ಹಂತದಲ್ಲೇ ಕೊಟ್ಟುಬಿಡದೆ, ಒಂದು ಭಾಗವನ್ನು ಎರಡನೇ ಹಂತದ ದಿನ ನ್ಯಾಯಾಧೀಶರ ಮುಂದೆ ಡಿಮ್ಯಾಂಡ್ ಡ್ರಾಫ್ಟ್ ಆಗಿ ಕೊಡುವ ರೂಢಿಯಿದೆ. ವರದಕ್ಷಿಣೆ ಕಿರುಕುಳದ ಕ್ರಿಮಿನಲ್ ಪ್ರಕರಣವಿದ್ದರೆ ‘ವಾಪಸ್ ಪಡೆಯುತ್ತೇನೆ’ ಎಂದು ಬರೆದರೆ ಸಾಲದು. ಅದನ್ನು ರದ್ದುಪಡಿಸಲು ಹೈಕೋರ್ಟಿಗೆ ಅರ್ಜಿ ಹಾಕಬೇಕಾಗುವುದರಿಂದ ಅದಕ್ಕೆ ಇಬ್ಬರೂ ಸಹಕರಿಸುವ ಷರತ್ತು ಒಪ್ಪಂದದಲ್ಲಿರಬೇಕು. ಮಗುವಿನ ಜೀವನಾಂಶವನ್ನು ಬಿಟ್ಟುಕೊಟ್ಟೆನೆಂದು ತಾಯಿ ಸಹಿ ಹಾಕಿದರೂ ಅದು ಮಗುವಿನ ಹಕ್ಕನ್ನು ಕಟ್ಟಿಹಾಕದು.

ಸಾಕ್ಷ್ಯ, ತೀರ್ಪು, ಅನಂತರ

ರಾಜಿಯಾಗದ ಪ್ರಕರಣದಲ್ಲಿ ವಿವಾದಾಂಶಗಳನ್ನು ರಚಿಸಿ, ಮುಖ್ಯ ವಿಚಾರಣೆಯನ್ನು ಪ್ರಮಾಣಪತ್ರದ ರೂಪದಲ್ಲಿ ಪಡೆದು, ಪಾಟೀಸವಾಲು ನಡೆಸಲಾಗುತ್ತದೆ. ಸಾಕ್ಷ್ಯದ ಕಟ್ಟುನಿಟ್ಟಿನ ನಿಯಮಗಳನ್ನು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೇ ಕಲಮಿನಡಿ ನ್ಯಾಯಾಲಯ ಸಡಿಲಿಸಬಹುದು. ಸಂಗಾತಿಗೆ ತಿಳಿಯದಂತೆ ಮುದ್ರಿಸಿಕೊಂಡ ದೂರವಾಣಿ ಸಂಭಾಷಣೆಯನ್ನೂ ವಿಚ್ಛೇದನದ ಪ್ರಕರಣದಲ್ಲಿ ಪರಿಗಣಿಸಬಹುದೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಆದರೆ ವಿದ್ಯುನ್ಮಾನ ದಾಖಲೆಗೆ ಬೇಕಾದ ಪ್ರಮಾಣೀಕರಣವನ್ನು ಲಗತ್ತಿಸಬೇಕು, ಮೂಲ ಫೋನನ್ನು ಮಾರಿಬಿಡಬಾರದು. ಮಾತಿನ ಒಂದು ತುಣುಕನ್ನಷ್ಟೇ ಕತ್ತರಿಸಿ ಕೊಟ್ಟರೆ ಉಳಿದದ್ದೆಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಜೀವನಾಂಶದ ಬಾಕಿ ವಸೂಲಿಯನ್ನು ಮುಂದೂಡುತ್ತ ಹೋಗಬಾರದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನ ಆದೇಶದ ಬಾಕಿಗೆ ವಾರಂಟ್ ಪಡೆಯಬೇಕಾದರೆ ಆ ಮೊತ್ತ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಕೊಡದವರ ಸಂಬಳದ ಜಪ್ತಿಯನ್ನೂ ಕೋರಬಹುದು.

ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಮೇಲ್ಮನವಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ ಹೋಗುತ್ತದೆ. ಉತ್ತರ ಕರ್ನಾಟಕದವರಿಗೆ ಧಾರವಾಡ ಮತ್ತು ಕಲಬುರಗಿ ಪೀಠಗಳಿವೆ. ಸಮ್ಮತಿಯ ಡಿಕ್ರಿಗೆ ಮೇಲ್ಮನವಿಯಿಲ್ಲ. ಉಳಿದವುಗಳಿಗೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಂ 30 ದಿನಗಳನ್ನೂ ಹಿಂದೂ ವಿವಾಹ ಕಾಯ್ದೆಯ 28ನೇ ಕಲಂ 90 ದಿನಗಳನ್ನೂ ಹೇಳುತ್ತವೆ. ಈ ಗೊಂದಲದಲ್ಲಿ ಸುರಕ್ಷಿತ ದಾರಿ ಒಂದೇ: ಮೇಲ್ಮನವಿ ಹಾಕುವವರು 30 ದಿನಗಳ ಲೆಕ್ಕ ಹಿಡಿಯಬೇಕು, ಮರುಮದುವೆಗೆ ಮುಹೂರ್ತ ನೋಡುವವರು 90 ದಿನಗಳನ್ನು ದಾಟಿಸಿ, ಮೇಲ್ಮನವಿ ದಾಖಲಾಗಿಲ್ಲವೆಂದು ಹೈಕೋರ್ಟಿನ ಜಾಲತಾಣದಲ್ಲಿ ಖಚಿತಪಡಿಸಿಕೊಂಡು ಮುಂದುವರಿಯಬೇಕು.